ಬನ್ನಿಮರದ ಬುಟ್ಟಿ

ಹಿರೇಬೂದಿಹಾಳ, ಯಾದಗಿರಿ ಸೀಮೆ
ಸನ್ ೨೧೯೧, ಹದಿಮೂರನೆಯ ತಿಂಗಳು

ನಮ್ಮ ಮನೆತನದ ಹಿರಿಯಜ್ಜಿ ನಿಂಬೆವ್ವನಿಗೆ ಶಿವಂತಿಯ ಶರಣು.

ಈಗ ವರ್ಷಕ್ಕೆ ಹದಿಮೂರು ತಿಂಗಳು, ತಾರೀಖು ನೋಡಿ ಗಾಬರಿಯಾಗಬೇಡಿ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಬಾಯಲ್ಲಿದ್ದ ‘ಗುಳೆ’ ಎಂಬ ಪದ ಇಲ್ಲಿನ ಅಧಿಕಾರಿಗಳಿಗೂ ಅಷ್ಟೇ ವಿಚಿತ್ರ. ಹೊಟ್ಟೆಪಾಡಿಗೆ ಊರು ಬಿಡುವವರೇ ಇಲ್ಲವೆಂದು ಸರ್ಕಾರದ ಅಧ್ಯಯನ ಸಾರಿ ತಲೆಮಾರುಗಳು ಕಳೆದವು.

ಅದು ಹೇಗಾಯಿತೆಂದು ಹೇಳುತ್ತೇನೆ, ಬೇಸರಪಡಬೇಡಿ. ನಿಮ್ಮ ಕಾಲದಲ್ಲಿ ಊರಿನವರು ಗಾರೆ ಕೆಲಸಕ್ಕೆ ಪಟ್ಟಣಕ್ಕೆ ಹೊರಟಾಗ, ಊರಲ್ಲಿಲ್ಲವೆಂದು ಫೋನಿನಿಂದ ಗೊತ್ತಾದರೆ ರೇಷನ್ ನಿಂತೀತೆಂದು ಹೆದರಿ ಫೋನುಗಳನ್ನು ನಿಮ್ಮ ಕೈಗಿಟ್ಟು ಹೋಗುತ್ತಾರೆ. ನೀವು ಅವಕ್ಕೆ ಚಾರ್ಜು ತುಂಬಿ, ಬುಟ್ಟಿಗೆ ಹಾಕಿ, ಸಿಗ್ನಲ್ ಸಿಗುವ ಗುಡ್ಡದ ಬನ್ನಿಮರಕ್ಕೆ ಏರಿಸುತ್ತೀರಿ. ನಿಮ್ಮಲ್ಲಿಗೆ ನಾಳೆ ಬರುವ ಸರ್ಕಾರದ ಅಧ್ಯಯನದವರು ಆ ಫೋನುಗಳ ಸುಳಿವು ಹಿಡಿದು, ಇಲ್ಲಿ ಎಲ್ಲರೂ ಮನೆಯಲ್ಲೇ ಇದ್ದಾರೆ, ಎಲ್ಲರಿಗೂ ಕೆಲಸವಿದೆ, ಬ್ರಾಡ್‌ಬ್ಯಾಂಡ್ ಮನೆಮನೆ ಮುಟ್ಟಿದೆ ಎಂದು ತೀರ್ಮಾನಿಸುತ್ತಾರೆ. ಹಾಗಾಗಿ ನಮಗೆ ಕೆಲಸವೂ ಬರಲಿಲ್ಲ, ತಂತಿಯೂ ಬರಲಿಲ್ಲ. ಉಂಡವರಿಗೆ ಮತ್ತೆ ಯಾರು ಬಡಿಸುತ್ತಾರೆ?

ಬುಟ್ಟಿ ಇಂದಿಗೂ ತೂಗುತ್ತಿದೆ. ಫೋನಿನ ಬದಲು ಈಗ ‘ಇರುದೀಪ’. ಒಬ್ಬೊಬ್ಬರಿಗೂ ಒಂದರಂತೆ ಕೊಟ್ಟ, ಹುಣಸೆಬೀಜದಷ್ಟಿರುವ ಅದು ಹಸಿರಾಗಿ ಉರಿಯುವ ಕಡೆಯೇ ಮನುಷ್ಯನಿದ್ದಾನೆಂದು ಸರ್ಕಾರ ನಂಬುತ್ತದೆ. ಬುಟ್ಟಿ ಏರಿಸುವ ದಿನ ನಾವು ಹೆಂಗಸರು ಮರಕ್ಕೆ ಅರಿಶಿನ ಹಚ್ಚಿ, ಹೊರಟವರ ಹೆಸರು ಹಿಡಿದು ಕರೆಯುತ್ತೇವೆ. ಅವರ ಪರವಾಗಿ ಮನೆಯವರೇ ‘ಓ’ ಎನ್ನಬೇಕು. ನನ್ನ ಮಗಳು ಹೊಂಗಿಯ ಪರವಾಗಿ ನಾನೇ ‘ಓ’ ಎಂದೆ.

ಅವಳು ಕಡಲ ನೀರು ತಡೆಯುವ ಗೋಡೆ ಕಟ್ಟಲು ಮಂಗಳೂರಿಗೆ ಹೋಗಿದ್ದಳು. ಮೊನ್ನೆ ಆ ಗೋಡೆ ಕುಸಿಯಿತು. ಕಲ್ಲುಗಳಡಿಯಿಂದ ಇನ್ನೂ ಕೂಗು ಕೇಳುತ್ತಿದೆ ಎಂದು ಅಲ್ಲಿಂದ ತಪ್ಪಿಸಿಕೊಂಡು ಬಂದ ನೆರೆಮನೆಯ ಸಾಬಣ್ಣ ಹೇಳಿದ. ತಾಲ್ಲೂಕು ಕಚೇರಿಗೆ ಓಡಿದೆ. ಅಧಿಕಾರಿ ಒಳ್ಳೆಯ ಹುಡುಗನೇ, ನೀರು ಕೊಟ್ಟು ಕೂರಿಸಿದ. “ಯವ್ವಾ, ನಿನ್ ಮಗಳು ಊರಾಗೇ ಅದಾಳ. ನೋಡಿಲ್ಲಿ, ದೀಪ ಹಸರು ಉರಿಲಿಕತ್ತದ. ಮನ್ಯಾಗ ಇದ್ದಾಕಿನ್ನ ಸಮುದ್ರದಾಗ ಹೆಂಗ ಹುಡುಕೂದು?” ಎಂದ.

ಅವಳ ದೀಪ ಆರಿಸಿದರೆ ಹುಡುಕಲೇಬೇಕು, ಕಾನೂನೇ ಹಾಗಿದೆ. ಆದರೆ ಒಂದು ಆರಿದರೂ ತಪಾಸಣೆಯವರು ಬಂದು ಬುಟ್ಟಿಯನ್ನೇ ಇಳಿಸುತ್ತಾರೆ, ಊರಿನ ಕಾಳು ನಿಲ್ಲುತ್ತದೆ. ಅದಕ್ಕೇ ಊರವರು ಮರದ ಬುಡದಲ್ಲಿ ಕೋಲು ಹಿಡಿದು ಕೂತಿದ್ದಾರೆ. “ಒಬ್ಬಾಕಿ ಸಲುವಾಗಿ ಊರ ಹೊಟ್ಟಿ ಮ್ಯಾಲ ಹೊಡಿತೀಯೇನ ಶಿವಂತಿ?” ಎಂದು ಸಾಬಣ್ಣನ ತಾಯಿ ಅತ್ತಳು. ಅವಳಿಗೂ ಮೊಮ್ಮಕ್ಕಳಿದ್ದಾರೆ, ಅವಳ ಮಾತು ಸುಳ್ಳಲ್ಲ.

ಅಜ್ಜಿ, ನಾಳೆ ಬುಟ್ಟಿ ಏರಿಸಬೇಡಿ. ಬಂದವರನ್ನು ಕೈಹಿಡಿದು ಕರೆದೊಯ್ದು ಬೀಗ ಹಾಕಿದ ಬಾಗಿಲುಗಳನ್ನು ತೋರಿಸಿ. ರೇಷನ್ನಿಗೆ ಬೀದಿಗಿಳಿದು ಜಗಳವಾಡಿ, ನಿಮ್ಮ ಬಾಯಿ ಜೋರೆಂದು ಕೇಳಿದ್ದೇನೆ.

ನಿಮ್ಮ ಉತ್ತರಕ್ಕೆ ಕಾಯುವಷ್ಟು ಹೊತ್ತು ನನಗಿಲ್ಲ. ಕಾವಲಿನವರು ಉಣ್ಣಲು ಎದ್ದಿದ್ದಾರೆ, ನಾನು ಮರ ಹತ್ತುತ್ತೇನೆ. ಊರು ನನ್ನನ್ನು ಶಪಿಸಲಿ. ಹೊಂಗಿಯ ಹೆಸರು ಕರೆದಾಗ ಇನ್ನು ನಾನು ‘ಓ’ ಎನ್ನುವುದಿಲ್ಲ. ಅವಳೇ ಅನ್ನಬೇಕು.