ಎಲ್ಲರೂ ಹಾಕಿದ ನೀರು

ಮಾರ್ಚ್ 4, ಸಂಜೆ
ಅಮ್ಮನಿಗೆ ಸೊಂಟನೋವು, ಅದಕ್ಕೇ ಶಾಲೆ ಬಿಟ್ಟೆ ಎಂದು ಬೀದಿಗೆಲ್ಲ ಹೇಳಿದ್ದೇನೆ. ಸುಳ್ಳು. ಅಮ್ಮ ಗಟ್ಟಿಯಾಗೇ ಇದ್ದಾಳೆ. ನನಗೆ ಬೆಂಚಿನ ಮೇಲೆ ಕೂರಲು ಆಗುತ್ತಿರಲಿಲ್ಲ, ಅಷ್ಟೇ. ಎಲ್ಲೂ ಆಗುವುದಿಲ್ಲ — ನಮ್ಮ ಬೀದಿಯ ತೋಟವೊಂದನ್ನು ಬಿಟ್ಟು. ಅಲ್ಲಿ ಕಳೆ ಕೀಳುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಟೊಮೇಟೊ ಎಲೆ ಇನ್ನಷ್ಟು ಹಳದಿ. ಬೀದಿಯ ಅಸೋಸಿಯೇಷನ್ ಸೆಕ್ರೆಟರಿ ಬಂದು ಮೂಗು ಮುರಿದು ಹೋದರು. ತಿಂಗಳ ಕೊನೆಗೂ ಹೀಗೇ ಇದ್ದರೆ ಸಿಮೆಂಟ್ ಹಾಕಿಸಿ ಸ್ಕೂಟರ್ ನಿಲ್ಲಿಸಲು ಬಿಡುತ್ತಾರಂತೆ.

ಮಾರ್ಚ್ 9
ಒಂದು ಗಿಡ ಕಿತ್ತು ನೋಡಿದೆ. ಬೇರು ಕಪ್ಪಗೆ, ಮೆತ್ತಗೆ, ನಾತ. ನೀರು ಹೆಚ್ಚಾಗಿ ಕೊಳೆತಿದೆ. ಆದರೆ ಹಾಕುವವಳು ನಾನೊಬ್ಬಳೇ, ಅದೂ ಸಂಜೆ ಸ್ವಲ್ಪ...

ಮಾರ್ಚ್ 10
ಬೇರು ಹಿಡಿದು ಎಲ್ಲರ ಬಾಗಿಲು ತಟ್ಟಿದೆ. ತೋಟಕ್ಕೆ ಬಂದರು.

"ನಾನು ಬೆಳಗಾಗೋ ಮುಂಚೆ ಎರಡೇ ಬಕೆಟ್ ಹಾಕೋದಮ್ಮ," ಎಂದರು ಡ್ರೈವರ್ ಅಜ್ಜ. ಬಸ್ಸು ಓಡಿಸಿ ರಿಟೈರ್ ಆದವರು. ಅಜ್ಜಿ ಹೋದ ಮೇಲೆ ಒಬ್ಬರೇ.

"ನೈಟ್ ಡ್ಯೂಟಿ ಮುಗಿಸ್ಕೊಂಡು ಬರ್ತಾ ನಾನೂ ಹಾಕ್ತೀನಲ್ಲ," ಎಂದಳು ನರ್ಸಕ್ಕ. "ನೀವು ಮಲಗಿರ್ತೀರ ಅಂದ್ಕೊಂಡಿದ್ದೆ."

"ಮಧ್ಯಾಹ್ನ ಮಷೀನ್ ನಿಲ್ಸಿ ಹಾಕೋಳು ನಾನು," ಎಂದರು ಟೈಲರ್ ಆಂಟಿ. "ನಿಮ್ಮನ್ನೆಲ್ಲ ಸೋಮಾರಿಗಳು ಅಂತ ನಮ್ಮತ್ತೆ ಹತ್ರ ಬೈದೂ ಆಗಿದೆ."

ಎಲ್ಲರೂ ನಕ್ಕರು. ಯಾರು ನಿಲ್ಲಿಸುವುದು ಎಂದಾಗ ಯಾರೂ ನಗಲಿಲ್ಲ.

"ಬೆಳಿಗ್ಗೆ ಎದ್ದು ಮತ್ತೇನ್ ಮಾಡ್ಲಿ ಮಗೂ?" ಎಂದರು ಅಜ್ಜ.

"ಏನಾದ್ರೂ ಮಾಡಿ. ಜಾಸ್ತಿ ನೀರು ನಿಮ್ದೇ ಅಜ್ಜ," ಎಂದೆ.

ನಿಜವೇ. ಆದರೂ...

ಮಾರ್ಚ್ 22
ಅಂದಿನಿಂದ ಅಜ್ಜ ಮಹಡಿ ಮನೆಯಿಂದ ಕೆಳಗಿಳಿದಿಲ್ಲ. ಊಟದ ಡಬ್ಬಿಯನ್ನು ನರ್ಸಕ್ಕ ಬಾಗಿಲಲ್ಲಿಟ್ಟು ಬರುತ್ತಾಳೆ. ಉಳಿದವರೂ ನೀರು ನಿಲ್ಲಿಸಿದ್ದಾರೆ. ಹೊಸ ಸಸಿ ನೆಟ್ಟೆ, ಹಿಡಿಯಲಿಲ್ಲ. ಮಣ್ಣಿಗೇ ಕೊಳೆರೋಗ ಹತ್ತಿದೆ.

ಅಜ್ಜನಿಗೆ ತಪ್ಪಾಯಿತು ಎನ್ನೋಣವೆಂದರೆ — ಹೇಳಿದ್ದು ತಪ್ಪಲ್ಲ. ಅವರ ಮೆಟ್ಟಿಲವರೆಗೆ ಹೋಗಿ ವಾಪಸ್ ಬಂದೆ.

ಏಪ್ರಿಲ್ 2
ಮೊನ್ನೆ ತೋಟದ ಜಾಗಕ್ಕೆ ಸಿಮೆಂಟ್ ಹಾಕಿದರು. ಒಂದು ವಾರ ದಿನಾ ನೀರು ಹಾಕದಿದ್ದರೆ ಬಿರುಕು ಬಿಡುತ್ತದೆ ಎಂದು ಮೇಸ್ತ್ರಿ ಹೇಳಿ ಹೋಗಿದ್ದ.

ಇವತ್ತು ಬೆಳಿಗ್ಗೆ ನೋಡಿದರೆ ಅಜ್ಜ. ಎರಡು ಬಕೆಟ್. ನನ್ನತ್ತ ತಿರುಗಲಿಲ್ಲ.

"ಇದಕ್ಕೆ ಎಷ್ಟ್ ಹಾಕಿದ್ರೂ ಜಾಸ್ತಿ ಆಗಲ್ವಂತೆ," ಎಂದರು, ನೆಲ ನೋಡುತ್ತ.

ಒಂದೇ ವಾರ ಎನ್ನುವುದು ಅವರಿಗೆ ಗೊತ್ತಿಲ್ಲ. ನಾನು ಹೇಳಲಿಲ್ಲ.

ನನಗಿನ್ನು ಇಲ್ಲಿ ಕೂರಲು ಜಾಗವಿಲ್ಲ. ಚಿಕ್ಕಮ್ಮನ ಊರಿನಲ್ಲಿ ಪ್ಯಾಕಿಂಗ್ ಕೆಲಸವಿದೆಯಂತೆ. ನಾಳೆ ಹೋಗುತ್ತಿದ್ದೇನೆ.