ಜ್ವರ ಇಳಿದ ಮೇಲೆ

ಮುರಗೋಡ
೨೧ ಆಗಸ್ಟ್ ೨೦೨೪

ರೇಣುವಿನ ಅಪ್ಪನಿಗೆ ಮಹಾನಂದಾಳ ನಮಸ್ಕಾರ.

ರಾಮದುರ್ಗದ ಗುಡ್ಡದಲ್ಲಿ ನೀವು ಹೇಗಿದ್ದೀರಿ? ಮಳೆಗೆ ಮರಿಗಳ ಕಾಲು ಕೆಟ್ಟಿಲ್ಲ ತಾನೆ? ಕುರಿಗಳನ್ನು ಬಿಟ್ಟು ನಿಮ್ಮನ್ನಷ್ಟೇ ವಿಚಾರಿಸಿದರೆ ನಿಮಗೆ ಸಮಾಧಾನವಾಗುವುದಿಲ್ಲ, ಅದಕ್ಕೇ ಕೇಳಿದೆ. ಅಲ್ಲಿ ಫೋನ್ ಹತ್ತುವುದಿಲ್ಲವೆಂದು, ಹಿಟ್ಟು ಒಯ್ಯಲು ಬಂದಿರುವ ನಿಮ್ಮ ತಮ್ಮ ಬೀರಪ್ಪನ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಮಗಳು ಈಗ ಆರಾಮಾಗಿದ್ದಾಳೆ. ಬೆಳಿಗ್ಗೆ ರೊಟ್ಟಿಗೆ ಶೇಂಗಾ ಹಿಂಡಿ ಸಾಲಲಿಲ್ಲವೆಂದು ನನ್ನ ಜೊತೆ ಜಗಳವನ್ನೂ ತೆಗೆದಳು.

ನೀವು ಕುರಿ ಹೊಡೆದುಕೊಂಡು ಹೋದ ಸ್ವಲ್ಪ ದಿನಕ್ಕೇ ಅವಳಿಗೆ ಮತ್ತೆ ಡೆಂಗಿ ಬಂತು. ಮೈ ಕೆಂಡದಂತೆ ಸುಡುತ್ತಿತ್ತು. ಒಂದು ಬೆಳಿಗ್ಗೆ ಜ್ವರ ಇಳಿದಾಗ ಅತ್ತೆಯ ಹಿಗ್ಗನ್ನು ನೀವು ನೋಡಬೇಕಿತ್ತು. "ಜ್ವರಾ ಬಿಟ್ಟೈತಿ, ತಲಿಮ್ಯಾಲೆ ನೀರ ಹಾಕಿ ಎಲ್ಲಮ್ಮನ ಗುಡ್ಡಕ್ಕ ಕರಕೊಂಡ ಹೋಗೂಣು" ಎಂದರು. ಜ್ವರ ಬಿಟ್ಟರೆ ನಮ್ಮ ಮನೆಯಲ್ಲಿ ಮಾಡುವುದೇ ಅದಲ್ಲವೇ? ಅವರು ದೇವಿಯ ಎಡೆಗೆ ಪಡ್ಡಲಗಿ ತುಂಬಿಸಲು ಹೋಳಿಗೆ, ಕಡುಬು ಮಾಡಿ ಬುಟ್ಟಿಗೆ ಹಾಕಿಕೊಂಡರು, ನಾನು ಹುಡುಗಿಗೆ ನೀರು ಹೊಯ್ದೆ. ಗುಡ್ಡದ ಕೆಳಗಿನ ಉಗರಗೋಳದಲ್ಲಿ ಟೆಂಪೊ ಇಳಿಯುತ್ತಲೇ ರೇಣು ಹೊಟ್ಟೆ ಹಿಡಿದುಕೊಂಡು ಕುಸಿದಳು. ಕೈಕಾಲು ತಣ್ಣಗಾಗಿದ್ದವು, ವಸಡಿನಿಂದ ರಕ್ತ ಬರುತ್ತಿತ್ತು. ಬುಟ್ಟಿಯನ್ನು ಕುಂಕುಮದ ಅಂಗಡಿಯಲ್ಲೇ ಬಿಟ್ಟು ಸವದತ್ತಿಯ ದವಾಖಾನೆಗೆ ಓಡಿದೆವು.

ಅಲ್ಲಿಯ ಡಾಕ್ಟರ್‌ಬಾಯಿ ಕೂಡಲೇ ಸಲಾಯಿನ್ ಹಚ್ಚಿದರು. ಆಮೇಲೆ ಬಿಡಿಸಿ ಹೇಳಿದರು. ಹೋದ ವರ್ಷದ ಡೆಂಗಿಯನ್ನು ಅವಳ ಮೈಯ ಕಾವಲು ಕಣಗಳು ನೆನಪಿಟ್ಟುಕೊಂಡಿದ್ದವಂತೆ. ಈ ಸಲ ಬಂದದ್ದು ಬೇರೆ ತಳಿ. ಅದು ಹಳೆಯದೇ ಎಂದುಕೊಂಡು ಆ ಕಣಗಳೆಲ್ಲ ಒಮ್ಮೆಲೇ ಕೆರಳಿ, ಅವು ಬಿಟ್ಟ ರಸಕ್ಕೆ ರಕ್ತನಾಳಗಳೇ ಸೋರತೊಡಗಿದವಂತೆ. ವೈರಸ್ ಕಡಿಮೆಯಾಗುತ್ತಿದ್ದರೂ ಅವುಗಳ ಆರ್ಭಟ ನಿಂತಿರಲಿಲ್ಲ. ತೋಳ ಓಡಿಹೋದ ಮೇಲೂ ಕಾವಲು ನಾಯಿಗಳು ಕುರಿದಡ್ಡಿಗೆ ನುಗ್ಗಿ ನಮ್ಮ ಮರಿಗಳನ್ನೇ ತುಳಿದಂತೆ ಎಂದು ನಾನು ತಿಳಿದುಕೊಂಡೆ. "ಜ್ವರಾ ಇಳದ ಮ್ಯಾಲನ ಖರೇ ಅಂಜಿಕಿ ಇರತೈತ್ರಿ" ಎಂದರು ಅವರು. ಅತ್ತೆ ಎರಡು ದಿನ ಅವಳ ಹಾಸಿಗೆ ಬಿಟ್ಟು ಏಳಲಿಲ್ಲ. ರೇಣು ಎದ್ದು ಗಂಜಿ ಕೇಳಿದಾಗ ನಾವಿಬ್ಬರೂ ಅತ್ತುಬಿಟ್ಟೆವು.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ. ರೇಣು ತನ್ನ ಕರಿ ಮರಿಗೆ ಮುತ್ತು ಕಳಿಸಿದ್ದಾಳೆ, ನಿಮಗೇನೂ ಕಳಿಸಿಲ್ಲ.

ನಿಮ್ಮ
ಮಹಾನಂದಾ

ತಾ.ಕ.: ಹಿಟ್ಟಿನ ಚೀಲ ಕಟ್ಟುತ್ತ ಬೀರಪ್ಪ ಈಗ ಬಾಯಿಬಿಟ್ಟ. "ವೈನಿ, ಅಣ್ಣಗ ಜ್ವರಾ ಬಂದಿತ್ತು. ಇವತ್ತ ಮುಂಜಾನೆ ಇಳದೈತಿ, ಚಿಂತಿ ಮಾಡಬ್ಯಾಡ್ರಿ." ಹೋದ ವರ್ಷ ರೇಣುವಿನ ಜೊತೆ ನಿಮಗೂ ಡೆಂಗಿ ಆಗಿತ್ತು. ಬೀರಪ್ಪನನ್ನು ಪಕ್ಕದ ಮನೆಯ ಸಚಿನನ ಜೀಪಿನಲ್ಲಿ ನೇರ ಗುಡ್ಡಕ್ಕೆ ಕಳಿಸುತ್ತಿದ್ದೇನೆ. ಕುರಿಗಳನ್ನು ಅವನಿಗೆ ಬಿಟ್ಟು, ನಿಂತ ಕಾಲಲ್ಲೇ ಅದೇ ಜೀಪು ಹತ್ತಿ. ಆರಾಮಾಗಿದ್ದೇನೆ ಎಂದು ಮಾತ್ರ ಹೇಳಬೇಡಿ. ರೇಣುವನ್ನು ಅತ್ತೆಗೆ ಒಪ್ಪಿಸಿ ನಾನು ಬಸ್ಸಿಗೆ ಹೊರಟೆ, ರಾಮದುರ್ಗದ ದವಾಖಾನೆಯ ಬಾಗಿಲಲ್ಲಿ ನಿಂತಿರುತ್ತೇನೆ.