ಕಿವಿಯ ಮಷೀನು ಅಪಾಯಕಾರಿ, ಕಿವುಡಿ ಇನ್ನೂ ಅಪಾಯಕಾರಿ

ಮಾನಸಿಕ ಆಸ್ಪತ್ರೆಯ ಘನವೆತ್ತ ಅಧೀಕ್ಷಕರೇ,

ನನ್ನ ಅಕ್ಕನ ಕಿವಿಯ ಮಷೀನನ್ನು ಕಿತ್ತಿಟ್ಟುಕೊಂಡು, ಆಮೇಲೆ ‘ರೋಗಿ ಸೂಚನೆಗಳಿಗೆ ಸ್ಪಂದಿಸುತ್ತಿಲ್ಲ’ ಎಂದು ಬರೆದು ಅವಳನ್ನು ಮಂಚಕ್ಕೆ ಕಟ್ಟಿದ ತಮ್ಮ ಸಂಸ್ಥೆಯ ಪ್ರತಿಭೆಗೆ ಎದ್ದುನಿಂತು ಕೈಮುಗಿಯುತ್ತೇನೆ. ಕುಂಟನ ಊರುಗೋಲು ಕಸಿದು ಓಟದಲ್ಲಿ ಸೋತನೆಂದು ದಂಡ ಹಾಕುವುದು ಬಾಕಿಯಿದೆ. ಅದನ್ನೂ ಶುರುಮಾಡಬಹುದು.

ಅಕ್ಕ ಹನ್ನೊಂದು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತವಳು. ಅವಳ ಎರಡೂ ಕಿವಿಗಳನ್ನು ಆ ಸದ್ದು ತಿಂದುಹಾಕಿತು. ಕಳೆದ ತಿಂಗಳು ಐದು ದಿನ ರೆಪ್ಪೆ ಮುಚ್ಚಲಿಲ್ಲ. ಮಗ್ಗದ ನೂಲು ಮನೆತನಕ ಬಂದು ತನ್ನ ಕೈಕಾಲು ಸುತ್ತುತ್ತಿದೆ ಎಂದು ಕಿರುಚಿದಳು. ಕತ್ತರಿ ಹಿಡಿದು ಪರದೆ, ಹಾಸಿಗೆ, ಅಮ್ಮ ಹೊದ್ದ ಶಾಲು ಎಲ್ಲವನ್ನೂ ಸೀಳಿದಳು. ತಡೆಯಹೋದ ನನ್ನ ಮುಂಗೈಯೂ ಸೀಳಿತು. ಅವಳಿಗೆ ಚಿಕಿತ್ಸೆ ಬೇಕೇಬೇಕಿತ್ತು. ಅದಕ್ಕೇ ನಾವೇ ಕರೆತಂದೆವು. ಆದರೆ ಬೋನಿಗೆ ಹಾಕಿ ಎಂದು ತಂದದ್ದಲ್ಲ.

ಸೇರಿಸಿಕೊಳ್ಳುವಾಗ ಕಿವಿಯ ಮಷೀನನ್ನು ‘ಅಪಾಯಕಾರಿ ವಸ್ತುಗಳು’ ಎಂಬ ಚೀಟಿಯಿರುವ ಚೀಲಕ್ಕೆ ಹಾಕಿದರು. ಬ್ಯಾಟರಿ ನುಂಗಿಬಿಡಬಹುದಂತೆ. ಒಪ್ಪಿದೆ, ನುಂಗಬಹುದು. ಆದರೆ ‘ಈಕೆಗೆ ಕಿವಿ ಕೇಳಿಸದು’ ಎಂದು ಫೈಲಿನಲ್ಲಿ ಒಂದು ಸಾಲು ಗೀಚಲು ಯಾವ ನಿಯಮ ಅಡ್ಡ ಬಂತು? ಮರುದಿನ ಬೆಳಿಗ್ಗೆ ಅವಳು ಕಿಟಕಿಗೆ ಮುಖಮಾಡಿ ನಿಂತಿದ್ದಾಗ ಇಂಜೆಕ್ಷನ್‌ಗೆ ಬಾ ಎಂದು ಬೆನ್ನ ಹಿಂದಿನಿಂದ ಕರೆದರಂತೆ. ತಿರುಗಲಿಲ್ಲ. ನಾಲ್ವರು ಮೇಲೆ ಬಿದ್ದರು. ಒಬ್ಬರ ತೋಳು ಕತ್ತಿಗೆ, ಒಬ್ಬರ ಮಂಡಿ ಬೆನ್ನಿಗೆ. ಮುಖ ನೆಲಕ್ಕೆ ಅಪ್ಪಳಿಸಿ ಮುಂದಿನ ಹಲ್ಲು ಮುರಿಯಿತು. ಉಳಿದ ಹಲ್ಲುಗಳಿಂದ ಅವಳು ಒಬ್ಬರ ಹೆಬ್ಬೆರಳನ್ನು ಎಲುಬು ಕಾಣುವಂತೆ ಕಚ್ಚಿದಳು. ಆಮೇಲೆ ಕೈಕಾಲಿಗೆ ಬಟ್ಟೆಪಟ್ಟಿ ಸುತ್ತಿ ಬಿಗಿದರು. ಯಾರನ್ನು? ನೂಲು ತನ್ನನ್ನು ಸುತ್ತುತ್ತಿದೆ ಎಂದು ಹೆದರಿ ಬಂದವಳನ್ನು! ರೋಗಿಯ ಭ್ರಮೆಯನ್ನು ನಿಜಮಾಡಿ ತೋರಿಸುವ ಈ ವೈದ್ಯವಿದ್ಯೆಯನ್ನು ತಮಗೆ ಕಲಿಸಿದವರು ಯಾರು?

ಇದೆಲ್ಲ ನನಗೆ ಹೇಳಿದ್ದು ಕಚ್ಚಿಸಿಕೊಂಡ ಅಟೆಂಡರೇ.

“ನಾಲ್ಕು ಸಲ ಕೂಗಿದ್ವಿ ಕಣೋ. ತಿರುಗಿ ಕೂಡ ನೋಡ್ಲಿಲ್ಲ ಅವಳು.”

“ಅವಳಿಗೆ ಕಿವಿ ಕೇಳ್ಸಲ್ಲ ಅಣ್ಣಾ.”

ಅವರು ಬ್ಯಾಂಡೇಜಿನ ಕೈ ಹಿಡಿದುಕೊಂಡು ಗೋಡೆಗೊರಗಿದರು. “ಅಯ್ಯೋ ದೇವ್ರೇ, ಯಾರೂ ಹೇಳ್ಲಿಲ್ವಲ್ಲೋ. ಅವಳ ಬೆನ್ನ ಮೇಲಿದ್ದಿದ್ದು ನನ್ ಮಂಡೀನೇ.”

ಆ ಬೆರಳಿಗಾಗಿ ನಾನು ಅವರ ಕ್ಷಮೆ ಕೇಳಿದೆ. ಅವರೂ ಅಳುತ್ತಾ ಕೇಳಿದರು. ತಾವು ಮಾತ್ರ ಬಾಕಿ.

ಸೋಮವಾರ ತಮ್ಮ ಕೊಠಡಿಗೆ ಬಂದ ನಾನು ದನಿಯಿಲ್ಲದೆ ಬರೀ ತುಟಿ ಅಲ್ಲಾಡಿಸಿದ್ದು ನೆನಪಿರಬೇಕು. “ಜೋರಾಗಿ ಹೇಳಯ್ಯಾ!” ಎಂದಿರಿ. ನಾನು ಇನ್ನಷ್ಟು ಭಕ್ತಿಯಿಂದ ತುಟಿ ಅಲ್ಲಾಡಿಸಿದೆ. “ತಲೆ ಕೆಟ್ಟಿದೆಯೇನೋ ನಿಂಗೆ?” ಎಂದು ಮೇಜು ಗುದ್ದಿದಿರಿ, ನೀರಿನ ಲೋಟ ಉರುಳಿತು, ನನ್ನ ಕಾಲರ್ ತಮ್ಮ ಮುಷ್ಟಿಯಲ್ಲಿತ್ತು. ಗಡಿಯಾರ ನೋಡಿಕೊಂಡಿದ್ದೆ: ಒಂದೂವರೆ ನಿಮಿಷ. ಏನೂ ಕೇಳಿಸದ ಇದೇ ಸ್ಥಿತಿಯನ್ನು ಅಕ್ಕ ಒಂದು ಇಡೀ ರಾತ್ರಿ ಸಹಿಸಿದ್ದಳು. ತಮ್ಮ ಬೆನ್ನಿಗೆ ಯಾರ ಮಂಡಿಯೂ ಬೀಳಲಿಲ್ಲ, ಎಂಥ ಅನ್ಯಾಯ!

ಗುರುವಾರ ತಮ್ಮ ಸಮಿತಿ ಕೂರುತ್ತದೆ. ‘ಹಿಂಸಾಪ್ರವೃತ್ತಿ’ ಎಂಬ ಒಂದು ಪದದ ಮೇಲೆ ಅಕ್ಕನನ್ನು ಆರು ತಿಂಗಳು ಬೀಗದ ವಾರ್ಡಿಗೆ ಕಳಿಸುವುದೆಂದು ನರ್ಸಮ್ಮ ಹೇಳಿದರು. ಅಮ್ಮ ಅಂದಿನಿಂದ ಗೇಟಿನ ಬಳಿಯ ಬೆಂಚು ಬಿಟ್ಟು ಏಳುತ್ತಿಲ್ಲ. “ನೀನು ತಮಾಷೆ ಮಾಡಿ ಕೆಲಸ ಕೆಡಿಸ್ಬೇಡ್ವೋ, ಕಾಲಿಗಾದ್ರೂ ಬೀಳು” ಎನ್ನುತ್ತಾಳೆ. ಬೀಳುತ್ತೇನೆ ಸ್ವಾಮಿ, ತಾವು ಮೊದಲು ಇಷ್ಟು ಮಾಡಿ. ಇವತ್ತೇ ಅವಳ ಕೈಕಾಲಿನ ಪಟ್ಟಿ ಬಿಚ್ಚಿ. ಮಷೀನು ಅವಳ ಕಿವಿಗಿಟ್ಟು, ಬ್ಯಾಟರಿ ಕಾಯಲು ನನ್ನನ್ನೋ ನರ್ಸಮ್ಮನನ್ನೋ ಪಕ್ಕದಲ್ಲಿ ಕೂರಿಸಿ. ಅಂದು ಏನಾಯಿತೆಂದು, ತುಟಿ ಕಾಣುವಂತೆ ಮಾಸ್ಕ್ ತೆಗೆದು, ಎದುರು ಕೂತು ಕೇಳಿ. ಅವಳು ಹುಚ್ಚುಹುಚ್ಚಾಗಿಯೇ ಉತ್ತರಿಸಬಹುದು, ಬರೆದುಕೊಳ್ಳಿ. ಆದರೆ ಇಷ್ಟು ದಿನವಾದರೂ ತಮ್ಮ ಆಸ್ಪತ್ರೆಯಲ್ಲಿ ಅವಳನ್ನು ಯಾರೂ ಇನ್ನೂ ಏನನ್ನೂ ಕೇಳಿಲ್ಲ.

ಇಂತಿ,
ಸೋಮವಾರದಿಂದ ಸಂದರ್ಶಕರ ಪಟ್ಟಿಯಲ್ಲಿ ಹೆಸರಿಗೆ ಗೀಟು ಹೊಡೆಸಿಕೊಂಡು, ಗೇಟಿನ ಹೊರಗಿಂದಲೇ ಇದನ್ನು ಬರೆದ,
ಹದಿನೈದನೇ ಮಂಚದವಳ ತಮ್ಮ